ಪ್ರಾರ್ಥನೆಯಿಂದ ಬಿಡಿಸಿಕೊಂಡ ಪದಗಳು

ಪಾರ್ಶ್ವವಾಯು ಬಡಿದು ಆಸ್ಪತ್ರೆಗೆ ಸೇರಿ ಐದನೆಯ ದಿನ ನಮ್ಮ ಚರ್ಚಿನ ಸಭಾಪಾಲಕರು ಬಂದರು. ಹಾಸಿಗೆಯ ಪಕ್ಕ ನಿಂತು ಸಣ್ಣ ಪ್ರಾರ್ಥನೆ ಮಾಡಿದರು. ಕೊನೆಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರು ಮಾಡಿದರು. ನಾನೂ ಜೊತೆಗೆ ಹೇಳತೊಡಗಿದೆ. ಬಲಗಡೆಯ ತುಟಿ ಜೋತುಬಿದ್ದಿತ್ತು, ನಾಲಿಗೆ ತೊದಲುತ್ತಿತ್ತು. ಆದರೆ ಒಂದು ಪದವೂ ತಪ್ಪಲಿಲ್ಲ. 'ಆಮೆನ್' ವರೆಗೂ ಹೇಳಿ ಮುಗಿಸಿದೆ.

ಐದು ದಿನಗಳಿಂದ ನನ್ನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಹೆಂಡತಿ ಜೋರಾಗಿ ಅತ್ತುಬಿಟ್ಟಳು. ಸೊಸೆ ಫೋನ್ ಹಿಡಿದುಕೊಂಡು ಹೊರಗೆ ಓಡಿದಳು, ಗಲ್ಫ್‌ನಲ್ಲಿರುವ ಮಗನಿಗೆ ಹೇಳಲು. ಹೆಂಡತಿ ಕಣ್ಣೊರೆಸಿಕೊಂಡು ನನ್ನ ಮುಖದ ಹತ್ತಿರ ಬಂದು ಕೇಳಿದಳು, "ನಾನು ಯಾರು, ಹೇಳಿ ನೋಡುವ?"

ಅವಳು ಯಾರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. 31 ವರ್ಷ ಜೊತೆಗೆ ಬಾಳಿದವಳು. ಆದರೆ ಹೆಸರು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಮರೆತುಹೋದಾಗ ನಾಲಿಗೆಯ ತುದಿಯಲ್ಲಿ ಏನೋ ಇದೆ ಅನಿಸುತ್ತದಲ್ವಾ, ಅದೂ ಇರಲಿಲ್ಲ. ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ಮತ್ತೆ 'ಪರಲೋಕದಲ್ಲಿರುವ ನಮ್ಮ ತಂದೆಯೇ'. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಅದು ತನ್ನಷ್ಟಕ್ಕೆ ಕೊನೆವರೆಗೂ ಹೋಯಿತು.

ಅವಳ ಮುಖದಲ್ಲಿ ಆಗ ನಾನು ಕಂಡದ್ದನ್ನು ಬರೆಯಲು ಇವತ್ತಿಗೂ ನನ್ನಲ್ಲಿ ಪದವಿಲ್ಲ.

ಮಂಜೇಶ್ವರದ ಹತ್ತಿರ ನಮ್ಮ ಮನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಮತ್ತು ದೇವಾಲಯದಲ್ಲಿ ಕನ್ನಡ, ಕಚೇರಿಗೆ ಹೋದರೆ ಮಲಯಾಳಂ. ಗಡಿಯಲ್ಲಿ ಬದುಕುವವರಿಗೆ ಇದೇನೂ ಹೊಸತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮಲ್ಲಿ ಎಲ್ಲರೂ ಮೂರು ಭಾಷೆ ಕಲಿತೇ ಬೆಳೆದರು. ಕನ್ನಡ ಮಾಧ್ಯಮ ಶಾಲೆಯಲ್ಲಿ 28 ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. ನಮ್ಮದು ಬಾಸೆಲ್ ಮಿಶನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯ ಕಾಲದಿಂದ ಬಂದ ಕ್ರೈಸ್ತ ಕುಟುಂಬ. ಮುತ್ತಜ್ಜ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದರಂತೆ. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದು ಅದೇ ಪ್ರೆಸ್ಸಿನಲ್ಲಿ. ಅದರ ಒಂದು ಹಳೆಯ ಪ್ರತಿ ನಮ್ಮ ಕಪಾಟಿನಲ್ಲಿದೆ. ಮಾತು ನಮ್ಮ ಮನೆತನದ ಆಸ್ತಿ ಎಂದೇ ನಾನು ನಂಬಿದ್ದೆ.

ಆದದ್ದು 2023ರ ಜೂನ್‌ನಲ್ಲಿ, ಮಳೆ ಶುರುವಾದ ವಾರ. ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದೆ. ಬಲಗೈಯಿಂದ ಚಹಾದ ಲೋಟ ಜಾರಿತು. ಎತ್ತಲು ಬಗ್ಗಿದರೆ ಕೈ ಹೋಗಲಿಲ್ಲ. ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿ ಗ್ಯಾಸ್ ಇರಬೇಕು, ಬಿಪಿಯೂ ಸ್ವಲ್ಪ ಜಾಸ್ತಿ ಇದೆ, ಮನೆಗೆ ಹೋಗಿ ಮಲಗಿ ಎಂದರು. ಮಲಗಿದೆ. ಮೂರು ಗಂಟೆಯ ನಂತರ ಹೆಂಡತಿ ಎಬ್ಬಿಸಿದಾಗ ಮಾತು ಹೋಗಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರು ತಂದ. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಉದ್ದಕ್ಕೂ ಕೆಸರು, ಡೈವರ್ಶನ್. ತಲಪಾಡಿ ದಾಟಿ ಮಂಗಳೂರು ಮುಟ್ಟುವಾಗ ಒಟ್ಟು ಆರು ಗಂಟೆ ಕಳೆದಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬೇಕಾದದ್ದು ನಾಲ್ಕೂವರೆ ಗಂಟೆಯ ಒಳಗೆ. ಮಿದುಳಿನ ಎಡಭಾಗದಲ್ಲಿ ಗಡ್ಡೆ ಎಂದು ಸ್ಕ್ಯಾನ್ ತೋರಿಸಿತು.

ಇದನ್ನು ಓದುವವರಲ್ಲಿ ಒಂದೇ ಒಂದು ಕೇಳಿಕೊಳ್ಳುತ್ತೇನೆ. ಯಾರದಾದರೂ ಮುಖ ಒಂದು ಕಡೆ ವಾಲಿದರೆ, ಎತ್ತಿದ ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ಮಲಗಿಸಬೇಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಓಡಿ.

ಮೊದಲ ಎರಡು ವಾರ ಮೂಗಿನಲ್ಲಿ ಕೊಳವೆ ಇತ್ತು. ನುಂಗುವ ಶಕ್ತಿ ಸರಿಯಿರಲಿಲ್ಲ, ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುವ ಭಯ. ಹೊಟ್ಟೆಗೆ ಬೇಕಾದದ್ದೆಲ್ಲ ಕೊಳವೆಯಲ್ಲಿ ಹೋಗುತ್ತಿತ್ತು. ಆದರೂ ಬಾಯಿ ಒಣಗುತ್ತಿತ್ತು. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದರು. ಎದುರಿಗೆ ನೀರಿನ ಬಾಟಲಿ, ಹೊರಗೆ ಧೋ ಎಂದು ಮಳೆ. 'ನೀರು' ಎನ್ನುವ ಎರಡು ಅಕ್ಷರ ನನ್ನಲ್ಲಿರಲಿಲ್ಲ. ಆ ಬಾಯಾರಿಕೆಯ ಬಗ್ಗೆ ಮುಂದೆ ಹೇಳುತ್ತೇನೆ.

ಮನೆಗೆ ಬಂದ ಮೇಲೆ ವಾರಕ್ಕೆ ಎರಡು ಸಲ ಮಂಗಳೂರಿಗೆ ಸ್ಪೀಚ್ ಥೆರಪಿಗೆ ಹೋಗುವುದು ಶುರುವಾಯಿತು. ಥೆರಪಿಸ್ಟ್ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ಹುಡುಗಿ, ನನ್ನ ವಿದ್ಯಾರ್ಥಿಗಳಷ್ಟೇ ವಯಸ್ಸು. ನನಗೆ ಆದದ್ದಕ್ಕೆ, ಮಿದುಳಿಗೆ ಪೆಟ್ಟಾಗಿ ಮಾತು ಹೋಗುವುದಕ್ಕೆ, ಅಫೇಸಿಯಾ ಎನ್ನುತ್ತಾರೆ ಎಂದು ಹೇಳಿದಳು. 1861ರಲ್ಲಿ ಪ್ಯಾರಿಸ್‌ನಲ್ಲಿ ಬ್ರೋಕಾ ಎಂಬ ವೈದ್ಯರ ಬಳಿ ಇದ್ದ ರೋಗಿಯೊಬ್ಬ ಏನು ಕೇಳಿದರೂ 'ಟಾನ್' ಎಂದಷ್ಟೇ ಹೇಳುತ್ತಿದ್ದನಂತೆ. ಅವನು ತೀರಿಕೊಂಡ ಮೇಲೆ ಮಿದುಳು ನೋಡಿದಾಗ ಎಡಗಡೆ ಮುಂಭಾಗಕ್ಕೆ ಪೆಟ್ಟಾಗಿತ್ತು. ನನ್ನದೂ ಅದೇ ಕಡೆ.

ಹೆಂಡತಿ ಆಸೆಯಿಂದ ಹೇಳಿದಳು, "ಆದರೆ ಇವರಿಗೆ ಪ್ರಾರ್ಥನೆ ಪೂರ್ತಿ ಬರುತ್ತದೆ, ಮೇಡಂ."

ಆ ಹುಡುಗಿ ತುಂಬಾ ಮೆತ್ತಗೆ ವಿವರಿಸಿದಳು. ವಾರದ ಹೆಸರು, ಒಂದರಿಂದ ಹತ್ತು, ಚಿಕ್ಕಂದಿನ ಹಾಡು, ಪ್ರಾರ್ಥನೆ, ಇಂಥವು ಬಾಯಿಪಾಠದಿಂದ ಉಳಿದುಕೊಳ್ಳುತ್ತವೆ. ನಾವು ಯೋಚಿಸಿ ಆಡುವ ಮಾತಿನ ದಾರಿ ಬೇರೆ, ಇವುಗಳ ದಾರಿ ಬೇರೆ. ಸರಪಳಿಯ ಹಾಗೆ ಒಂದರ ಹಿಂದೆ ಒಂದು ತಾನಾಗಿ ಬರುತ್ತವೆ. "ಅದು ಸರ್ ಆಡುತ್ತಿರುವ ಮಾತಲ್ಲಮ್ಮಾ. ಬಾಯಿಗೆ ಅಭ್ಯಾಸವಾದದ್ದು."

ಮಾತು ಹೋದದ್ದಕ್ಕಿಂತ ಜಾಸ್ತಿ ನೋವು ನನಗೆ ಆದದ್ದು ಆ ದಿನ. ಕರ್ತನ ಪ್ರಾರ್ಥನೆಯನ್ನು ನಾನು ಐದು ವರ್ಷದವನಿದ್ದಾಗಿನಿಂದ ಹೇಳುತ್ತಿದ್ದೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಒಮ್ಮೆ, ಭಾನುವಾರ ಆರಾಧನೆಯಲ್ಲಿ. 50 ವರ್ಷಕ್ಕಿಂತ ಜಾಸ್ತಿ. ಅಷ್ಟೂ ವರ್ಷ ನಾನು ದೇವರೊಡನೆ ಮಾತಾಡಿದ್ದೇನೋ, ಸುಮ್ನೆ ಬಾಯಿ ಆಡಿಸಿದ್ದೇನೋ? ಮತ್ತಾಯನ ಆರನೆಯ ಅಧ್ಯಾಯದಲ್ಲಿ ಯೇಸು ಈ ಪ್ರಾರ್ಥನೆ ಕಲಿಸುವ ಮೊದಲು, ಹೇಳಿದ್ದನ್ನೇ ಹೇಳುತ್ತಾ ಹೋಗಬೇಡಿ, ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆಂದು ತಿಳಿಯಬೇಡಿ ಎಂದು ಎಚ್ಚರಿಸುತ್ತಾನೆ. ಸಂಡೇ ಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ಇದನ್ನು ಹೇಳಿಕೊಟ್ಟವನು. ಬೇರೆ ಯಾರಿಗೋ ಹೇಳಿದ ಮಾತು ಎಂದುಕೊಂಡಿದ್ದೆ.

ಆದರೆ ನನಗೆ ದಾರಿ ತೆರೆದುಕೊಂಡದ್ದೂ ಅದೇ ಪ್ರಾರ್ಥನೆಯಿಂದ. ಆ ಹುಡುಗಿ ಒಂದು ಉಪಾಯ ಮಾಡಿದಳು. ಅವಳು ಹಿಂದೂ, ಪ್ರಾರ್ಥನೆಯನ್ನು ಹೆಂಡತಿಯಿಂದ ಕೇಳಿ ಬರೆದುಕೊಂಡಳು. ನನ್ನ ಎದುರಿಗೆ ಒಂದು ತಟ್ಟೆ ಅನ್ನದ ಚಿತ್ರ ಇಟ್ಟು, "ನಮ್ಮ ಅನುದಿನದ..." ಎಂದು ಹೇಳಿ ನಿಲ್ಲಿಸುತ್ತಿದ್ದಳು. ನಾನು ಮುಂದಿನ ಪದ ಹೇಳಬೇಕು, ಅಲ್ಲೇ ನಿಲ್ಲಬೇಕು. ಹೇಳುವುದು ಸುಲಭ. ನಿಲ್ಲುವುದು ಕಷ್ಟ. 'ಆಹಾರವನ್ನು' ಎಂದ ಕೂಡಲೇ 'ಈ ಹೊತ್ತು ದಯಪಾಲಿಸು' ಎಂದು ನೀರು ಹರಿದ ಹಾಗೆ ಹೊರಟುಬಿಡುತ್ತಿತ್ತು. ಅವಳು ಕೈ ಎತ್ತಿ ತಡೆಯುತ್ತಿದ್ದಳು. ಮತ್ತೆ ಮೊದಲಿನಿಂದ. ದಿನಕ್ಕೆ ನಲವತ್ತು, ಐವತ್ತು ಸಲ. ಆಮೇಲೆ 'ಅನುದಿನದ' ಎಂಬುದನ್ನು ಅವಳು ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಆಮೇಲೆ 'ನಮ್ಮ' ಮಾತ್ರ. ಕೊನೆಗೆ ಬರೀ ಚಿತ್ರ.

ಈ ಅಭ್ಯಾಸ ಶುರುವಾದ ಹನ್ನೊಂದನೆಯ ದಿನ ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿದ್ದಳು. ಕುಚ್ಚಲಕ್ಕಿ ಗಂಜಿಯ ವಾಸನೆ ಬಂತು. ನನಗೆ ಹಸಿವಾಗಿತ್ತು. ಯಾರೂ ಏನೂ ಹೇಳಿಕೊಡಲಿಲ್ಲ. ನಾನು "ಆಹಾರ" ಎಂದೆ.

ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಆಹಾರ ಎನ್ನುವುದಿಲ್ಲ. ತುಳುವಿನಲ್ಲಿ 'ನುಪ್ಪು' ಎನ್ನುತ್ತೇವೆ. ಆ ಪದ ಆಗ ನನ್ನಲ್ಲಿರಲಿಲ್ಲ. ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಆಮೇಲೆ ಗಂಜಿ, ತಿಮರೆ (ಒಂದೆಲಗ) ಚಟ್ನಿ ತಂದಿಟ್ಟಳು. ನಾನು ಎಡಗೈಯಲ್ಲಿ ಚಮಚ ಹಿಡಿದು ಉಂಡೆ. ಅದು ನಾನು ಬೇಡಿ ಪಡೆದ ಮೊದಲ ಊಟ. ತಿಂಗಳ ಕೊನೆಗೆ ಸಂಬಳ ಬರುತ್ತಿದ್ದ ಮನುಷ್ಯ ನಾನು. ಆ ಸಾಲನ್ನು ಹಸಿದು ಹೇಳಿದ್ದು ನನ್ನ ಜೀವನದಲ್ಲಿ ಒಮ್ಮೆಯೂ ಇರಲಿಲ್ಲ. ನನ್ನ ಅಜ್ಜಿ ಹಾಗೆ ಹೇಳಿದ್ದಿರಬೇಕು. ಅವರು ಆ ಸಾಲಿನ ಹತ್ತಿರ ಸ್ವಲ್ಪ ನಿಧಾನ ಮಾಡುತ್ತಿದ್ದರು. ಚಿಕ್ಕವನಿದ್ದಾಗ ಅದು ಯಾಕೆಂದು ನನಗೆ ತಿಳಿದಿರಲಿಲ್ಲ.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಎಂದು ಅಂದುಕೊಳ್ಳಬೇಡಿ. ಆಟಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳು, ತುಂಬಾ ಕೆಟ್ಟದಾಗಿ ಕಳೆಯಿತು. ಎಡೆಬಿಡದ ಮಳೆ. ರಾತ್ರಿ ನಿದ್ದೆ ಇಲ್ಲ. ನೋಡಲು ಬಂದವರು ಒಂದೊಂದು ಮಾತು ಹೇಳಿ ಹೋಗುತ್ತಿದ್ದರು. ದೇವರು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ ಎಂದರು. ನಂಬಿಕೆ ಸಾಲದು, ಇನ್ನೂ ಗಟ್ಟಿ ಮಾಡಿಕೊಳ್ಳಿ ಎಂದರು. ಉತ್ತರ ಕೊಡಲು ಆಗದವನ ಎದುರು ಹೀಗೆ ಮಾತಾಡುವುದು ತಪ್ಪು ಎಂದು ನಾನು ಈಗ ಧೈರ್ಯವಾಗಿ ಹೇಳುತ್ತೇನೆ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಕಷ್ಟಕ್ಕೆ ಸಿಕ್ಕಿದ ಯೋಬನ ಗೆಳೆಯರು ಮೊದಲು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದಲ್ಲಿ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಬಾಯಿ ತೆರೆದ ಮೇಲೆ ಹಾಳುಮಾಡಿದರು. ನನಗೆ ಹಾಗೆ ಸುಮ್ಮನೆ ಕೂತವರು ನೆರೆಮನೆಯ ಬ್ಯಾರಿ ಮುಸ್ಲಿಂ ಅಜ್ಜ. ನೆನಪಿಗೆ ಒಳ್ಳೆಯದು ಎಂದು ಗದ್ದೆ ಬದುವಿನ ತಿಮರೆ ಕಿತ್ತು ತಂದು ಕೊಟ್ಟು, ಜಗಲಿಯಲ್ಲಿ ಅರ್ಧ ಗಂಟೆ ಮಳೆ ನೋಡುತ್ತಾ ಕೂತು ಹೋಗುತ್ತಿದ್ದರು. ಅವರು ಬರುವ ಹೊತ್ತಿಗೆ ನಾನು ಕಾಯುತ್ತಿದ್ದೆ.

ಹೆಂಡತಿ ರಾತ್ರಿ ಸತ್ಯವೇದದ ಒಂದೊಂದು ಕೀರ್ತನೆ ಓದುತ್ತಿದ್ದಳು. ಒಂದು ದಿನ 88ನೆಯದು ಬಂತು. ಅರ್ಧಕ್ಕೆ ಅವಳ ಸ್ವರ ತಗ್ಗಿತು, ಪುಟ ಮಗುಚಲು ಹೊರಟಳು. ನಾನು ಎಡಗೈಯನ್ನು ಪುಟದ ಮೇಲೆ ಇಟ್ಟೆ. ಓದು ಎಂದು ಕಣ್ಣಲ್ಲೇ ಹೇಳಿದೆ. ಆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಬೇರೆ ಕೀರ್ತನೆಗಳ ಹಾಗೆ ಕೊನೆಯಲ್ಲಿ ಸ್ತೋತ್ರ ಇಲ್ಲ, ಸಮಾಧಾನ ಇಲ್ಲ. ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ನನ್ನ ಹಾಗೆ ಇದ್ದವನೊಬ್ಬ ದೇವರ ಮುಂದೆ ಹಾಗೆ ಕೂಗಿದ್ದಾನೆ, ಅದೂ ಪ್ರಾರ್ಥನೆಯೇ ಎಂದು ಗೊತ್ತಾದ ಆ ರಾತ್ರಿ ನಾನು ನಿದ್ದೆ ಮಾಡಿದೆ.

ಅಕ್ಷರ ಕಲಿತದ್ದು ಮೊಮ್ಮಗಳ ಜೊತೆ. ಅವಳು ಆ ವರ್ಷವೇ ಒಂದನೆಯ ಕ್ಲಾಸಿಗೆ ಸೇರಿದ್ದಳು. ಓದುವುದೂ ನನಗೆ ಹೋಗಿತ್ತು. ಪುಟ ನೋಡಿದರೆ ಅಕ್ಷರಗಳು ಪರಿಚಯದ ಮುಖಗಳ ಹಾಗೆ ಕಾಣುತ್ತಿದ್ದವು, ಯಾರೆಂದು ಹೊಳೆಯುತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ಮರದ ಹಲಗೆಯ ಮೇಲೆ ಹೊಯಿಗೆ (ಮರಳು) ಹರಡಿ ಇಬ್ಬರೂ ಬೆರಳಲ್ಲಿ ಬರೆಯುತ್ತಿದ್ದೆವು. ಅವಳು ಬಲಗೈಯಲ್ಲಿ, ನಾನು ಎಡಗೈಯಲ್ಲಿ. ಮ ಮತ್ತು ಯ ನನಗೆ ಬೆರೆತುಹೋಗುತ್ತಿದ್ದವು. ಪ, ಫ, ಷ ಒಂದೇ ಅನಿಸುತ್ತಿತ್ತು. "ಅಜ್ಜಾ, ಹೊಟ್ಟೆಯಲ್ಲಿ ಗೆರೆ ಇದ್ದರೆ ಷ" ಎಂದು ಅವಳು ಹೇಳಿಕೊಟ್ಟಳು. ನಾನು ಎಷ್ಟೋ ನೂರು ಮಕ್ಕಳಿಗೆ ಹೇಳಿಕೊಟ್ಟದ್ದು. ಅವಳು ಅಕ್ಟೋಬರ್‌ನಲ್ಲಿ ಒತ್ತಕ್ಷರಕ್ಕೆ ಹೋದಳು, ನಾನು ಕಾಗುಣಿತದಲ್ಲೇ ಉಳಿದೆ.

ಇಬ್ರಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಒಂದು ಮಾತಿದೆ. ಯೇಸು ಮಗನಾಗಿದ್ದರೂ ತಾನು ಅನುಭವಿಸಿದ ಕಷ್ಟಗಳಿಂದ ವಿಧೇಯತೆ ಕಲಿತನು ಎಂದು. ಕಲಿತನು ಎನ್ನುವ ಪದವನ್ನು ನಾನು ಮೊದಲು ಗಮನಿಸಿರಲಿಲ್ಲ. ಎಲ್ಲ ಗೊತ್ತಿದ್ದವನು ಬಂದು ಕಲಿಸಿ ಹೋದ ಎಂದೇ ನನ್ನ ಮನಸ್ಸಿನಲ್ಲಿದ್ದದ್ದು, ಮಾಷ್ಟ್ರನ ಯೋಚನೆ ಅಲ್ವಾ. ಅವನೂ ಕಲಿಯುವ ಕಡೆ ಕೂತಿದ್ದ ಎಂದು ತಿಳಿದ ಮೇಲೆ ಆ ಹೊಯಿಗೆಯ ಹಲಗೆಯ ಮುಂದೆ ಕೂರುವ ಅವಮಾನ ಕಡಿಮೆಯಾಯಿತು.

ನನ್ನದೇ ಆದ ಮೊದಲ ಪದ, ಪ್ರಾರ್ಥನೆಯಿಂದ ಎರವಲು ಪಡೆಯದೆ ಬಂದದ್ದು, ತುಳುವಿನದು. 'ನೀರ್'. ಅಮ್ಮನ ಭಾಷೆ ಮೊದಲು ಮರಳಿತು. ಆಮೇಲೆ ಕನ್ನಡ. ಮಲಯಾಳಂ ಇನ್ನೂ ದೂರದಲ್ಲೇ ಇದೆ. ಹೆಂಡತಿಯ ಹೆಸರು ಸೆಪ್ಟೆಂಬರ್‌ನಲ್ಲಿ ಬಂತು. ಅದನ್ನು ಆ ದಿನ ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವಳು ಓಗೊಟ್ಟಳು.

ಪ್ರಾರ್ಥನೆಯ ಪದಗಳನ್ನು ಹೀಗೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಾ ಹೋದೆ. 'ತಂದೆ', 'ನಾಮ', 'ಚಿತ್ತ'. ಒಂದು ಪದ ಮಾತ್ರ ಬಿಡಿಯಾಗಿ ಬರಲೇ ಇಲ್ಲ. 'ಕ್ಷಮಿಸು'. ಸರಪಳಿಯಲ್ಲಿ ಸರಾಗವಾಗಿ ಹೋಗುತ್ತಿತ್ತು. ಬಿಡಿಸಿ ಹೇಳಲು ಹೊರಟರೆ ಬಾಯಿ ಕಟ್ಟುತ್ತಿತ್ತು. ಕ್ಷ ಕಷ್ಟದ ಅಕ್ಷರ, ಎಲ್ಲರಿಗೂ ಹಾಗೇ ಎಂದು ಥೆರಪಿಸ್ಟ್ ಹೇಳಿದಳು. ಡಿಸೆಂಬರ್‌ನಲ್ಲಿ 'ಅಕ್ಷರ' ಎಂದು ಹೇಳಲು ಬಂತು. 'ಶಿಕ್ಷಕ' ಎಂದು ಹೇಳಲು ಬಂತು. 'ಕ್ಷಮಿಸು' ಬರಲಿಲ್ಲ. ಆಗ ನನಗೆ ಗೊತ್ತಾಯಿತು, ತಡೆ ಇರುವುದು ನಾಲಿಗೆಯಲ್ಲಿ ಮಾತ್ರ ಅಲ್ಲ ಎಂದು.

ಯಾಕೆಂದರೆ ನಾನು ರಾತ್ರಿ ಒಬ್ಬನೇ ಬೇರೊಂದು ವಾಕ್ಯ ಅಭ್ಯಾಸ ಮಾಡುತ್ತಿದ್ದೆ. 'ನೀವು ನನ್ನ ಮೂರು ಗಂಟೆ ಕಳೆದಿರಿ.' ಆ ಕ್ಲಿನಿಕ್‌ನ ವೈದ್ಯರ ಮುಂದೆ ನಿಂತು ಹೇಳಬೇಕೆಂದು. ಅದು ಆಗ ನನಗೆ ಬರುತ್ತಿದ್ದ ಅತಿ ಉದ್ದದ ವಾಕ್ಯ. ಜನವರಿಯಲ್ಲಿ ಹಟ ಹಿಡಿದು ಸೊಸೆಯ ಜೊತೆ ಹೋದೆ. ನನ್ನನ್ನು ನೋಡಿ ಅವರು ಎದ್ದು ನಿಂತರು. "ಹೇಗಿದ್ದೀರಿ ಮಾಷ್ಟ್ರೇ?" ಎಂದು ಕೇಳಿದರು. ನನ್ನ ಬಲಗೈ ನೋಡಿದರು, ಆಮೇಲೆ ಮೇಜು ನೋಡಿದರು. ನನ್ನ ವಾಕ್ಯ ಹೊರಟುಹೋಯಿತು. ಒಂದು ಪದವೂ ಉಳಿಯಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ನಿಂತೆವು. ನಾನು ಎಡಗೈ ಚಾಚಿದೆ, ಅವರು ಎರಡೂ ಕೈಯಲ್ಲಿ ಹಿಡಿದರು. ಅಷ್ಟೇ. ಅವರನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಬೆಳಿಗ್ಗೆ ಆ ವಾಕ್ಯ ಮತ್ತೆ ಬಂದು ಕೂರುತ್ತದೆ. ಆ ದಿನ ಪ್ರಾರ್ಥನೆಯ 'ಕ್ಷಮಿಸು' ಎಂಬ ಸಾಲನ್ನು ಎರಡು ಸಲ ಹೇಳುತ್ತೇನೆ.

ಪದ ಬಂದದ್ದು ಫೆಬ್ರವರಿಯಲ್ಲಿ. ಒಂದು ಸಂಜೆ ಅಂಗಿಯ ಗುಂಡಿ ಹಾಕಲು ಹೆಂಡತಿ ಕೈ ಹಾಕಿದಳು. ನಾನೇ ಹಾಕುತ್ತಿದ್ದೆ, ಆಗುತ್ತಿರಲಿಲ್ಲ. ಸಿಟ್ಟಿನಿಂದ ಪಕ್ಕದಲ್ಲಿದ್ದ ಸ್ಲೇಟು ಎತ್ತಿ ಎಸೆದೆ. ಅದು ಗೋಡೆಗೆ ತಾಗಿ ಒಡೆಯಿತು. ಎಂಟು ತಿಂಗಳು ನನ್ನ ಮೈ ತೊಳೆದವಳು, ಬಸ್ಸಿನಲ್ಲಿ ನನ್ನ ಹೆಗಲಿಗೆ ಹೆಗಲು ಕೊಟ್ಟು ಮಂಗಳೂರಿಗೆ ಕರೆದೊಯ್ದವಳು, ಏನೂ ಹೇಳದೆ ಚೂರು ಹೆಕ್ಕತೊಡಗಿದಳು. ಅವಳ ಬೆನ್ನು ನೋಡುತ್ತಾ ನಾನು "ಕ್ಷಮಿಸು" ಎಂದೆ. ಯಾರನ್ನೋ ಕ್ಷಮಿಸಲು ಇಷ್ಟು ದಿನ ಹುಡುಕಿದ ಪದ ನನಗೆ ಬೇಡಿಕೊಳ್ಳಲು ಬಂತು.

ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದವರು. ನಮ್ಮೂರಿನ ಕವಿ, ಕ್ರೈಸ್ತರಲ್ಲ, ಆದರೂ ಆ ಶಿಲುಬೆಯ ಕೆಳಗೆ ಅಷ್ಟು ಹೊತ್ತು ನಿಂತರು ಎಂದು ನಾನು ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಛಂದಸ್ಸು, ಪದಪ್ರಯೋಗ ಎಲ್ಲ ವಿವರಿಸುತ್ತಿದ್ದೆ. ಶಿಲುಬೆಯ ಮೇಲಿದ್ದವನ ಒಣಗಿದ ಬಾಯಿಯ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ.

2024ರ ಶುಭ ಶುಕ್ರವಾರ ಮಾರ್ಚ್ 29ರಂದು ಬಂತು. ಆ ದಿನ ನಮ್ಮಲ್ಲಿ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಏಳು ಜನ ಓದುತ್ತಾರೆ. ಐದನೆಯದನ್ನು ನೀವು ಓದಬೇಕು ಎಂದು ಸಭಾಪಾಲಕರು ಹೇಳಿದರು. ಯೋಹಾನ 19, 28ನೆಯ ವಚನ. 'ನನಗೆ ನೀರಡಿಕೆಯಾಗಿದೆ.' ಮೂಲ ಗ್ರೀಕಿನಲ್ಲಿ ಅದು ಒಂದೇ ಪದ ಎಂದು ಅವರೇ ಹೇಳಿದರು. ಆಸ್ಪತ್ರೆಯ ಆ ಹಾಸಿಗೆ, ಎದುರಿನ ಬಾಟಲಿ, ಒದ್ದೆ ಹತ್ತಿ ಎಲ್ಲ ಒಟ್ಟಿಗೆ ನೆನಪಾಯಿತು. ಅವನ ತುಟಿಗೂ ಸ್ಪಂಜು ಒತ್ತಿದರು. ಅವನಿಗೂ ಆಗ ಒಂದೇ ಪದ ಉಳಿದಿತ್ತು. ನನ್ನ ಹತ್ತಿರ ಪದವಿಲ್ಲದಿದ್ದಾಗ ನನ್ನ ಪದವನ್ನು ಅವನು ಹೇಳಿಬಿಟ್ಟಿದ್ದ.

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳುದ್ದಕ್ಕೂ ಮೊಮ್ಮಗಳು ನನಗೆ ಆ ವಚನ ಓದಿಸಿದಳು. ಶುಕ್ರವಾರ ಎದ್ದು ನಿಂತು ಓದಿದೆ. ಒಂದು ವಚನಕ್ಕೆ ನಾಲ್ಕು ನಿಮಿಷ ಹಿಡಿಯಿತಂತೆ. ನಡುವೆ ಎರಡು ಕಡೆ ನಿಂತುಹೋಯಿತು. ಯಾರೂ ಹೇಳಿಕೊಡಲಿಲ್ಲ, ಕೆಮ್ಮಲಿಲ್ಲ. ಎಲ್ಲರೂ ಕಾದರು.

ಇದನ್ನು ಬರೆಯಲು ಎರಡು ತಿಂಗಳು ಬೇಕಾಯಿತು. ನಾನು ಹೇಳಿದ್ದನ್ನು ಸೊಸೆ ಫೋನಿನಲ್ಲಿ ಟೈಪ್ ಮಾಡಿದ್ದಾಳೆ. ಸಿಗದ ಪದವನ್ನು ಅವಳು ತುಂಬಿಸಲಿಲ್ಲ, ನಾನು ಹುಡುಕುವ ತನಕ ಕೂತಳು.

ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಅದರಲ್ಲಿ ಒಂದು ಪದ ತೆಗೆದು ಹೊಸ ಸ್ಲೇಟಿನ ಮೇಲೆ ಬರೆದಿಡುತ್ತೇನೆ. ದಿನವಿಡೀ ಅದರ ಜೊತೆಗಿರಬೇಕು. ಇವತ್ತಿನದು 'ತಪ್ಪಿಸು'. ಪ ಒತ್ತು ಇನ್ನೂ ವಾಲುತ್ತದೆ. ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ತೋರಿಸಬೇಕು.